ಹಿತ್ತಲ ಮಡಿ ಮತ್ತು ಕಾಯಕದ ಅಳತೆ

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯವರಾದ ಅಲ್ಲಮಪ್ರಭುದೇವರು ತಮ್ಮ ಒಂದು ವಚನದಲ್ಲಿ ದೇಹವನ್ನು ತೋಟಕ್ಕೂ ಮನಸ್ಸನ್ನು ಗುದ್ದಲಿಗೂ ಹೋಲಿಸಿದ್ದಾರೆ. ಶೂನ್ಯಸಂಪಾದನೆಯಲ್ಲಿ ಅವರು ತೋಟದ ಕಾಯಕದಲ್ಲಿ ನಿರತನಾಗಿದ್ದ ಗೊಗ್ಗಯ್ಯನಿಗೆ ಅಂತರಂಗದ ಕೃಷಿಯನ್ನು ಬೋಧಿಸುವ ಪ್ರಸಂಗವಿದೆ. ಮಣ್ಣಿನ ಕೆಲಸವನ್ನು ಪ್ರಭುದೇವರು ಹೀಗಳೆಯಲಿಲ್ಲ. ಅದರ ಮೂಲಕವೇ ಸಾಧಕನನ್ನು ಒಳಮುಖವಾಗಿಸಿದರು.

ಇಂದಿನ ಸದ್ಭಕ್ತರ ಸಮಸ್ಯೆ ಬೇರೆಯದು. ಮಣ್ಣಿನ ಮೇಲೆ ಪ್ರೀತಿಯಿದೆ, ಸಮಯವಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಂದಿನಿಂದ ಭದ್ರಾವತಿಯ ಬದುಕು ಪಾಳಿಗಳ ಲೆಕ್ಕದಲ್ಲಿ ಸಾಗಿತು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತ ಮೇಲೆ ದುಡಿಮೆಗಾಗಿ ದೂರ ಹೋಗುವುದು ಅನೇಕರಿಗೆ ಅನಿವಾರ್ಯವಾಯಿತು. ಶಿವಮೊಗ್ಗದ ಅಂಗಡಿ, ಕಚೇರಿಗಳಲ್ಲಿಯೂ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿಯೂ ದುಡಿದು ಮನೆ ಸೇರುವಾಗ ಕತ್ತಲಾಗಿರುತ್ತದೆ. ಹಿತ್ತಲಿನ ಬದನೆ ಬಾಡಿರುತ್ತದೆ. ಬಸಳೆ ಚಪ್ಪರ ವಾಲಿರುತ್ತದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನಿಲುವು ದಾರಿದೀಪವಾಗುತ್ತದೆ. ಪತಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಶರಣೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಕಾಯಕಕ್ಕೆ ನಿಷ್ಠೆ ಎಷ್ಟು ಮುಖ್ಯವೋ ಅಳತೆಯೂ ಅಷ್ಟೇ ಮುಖ್ಯವೆಂಬುದು ಇದರ ತಾತ್ಪರ್ಯ. ಅಗತ್ಯ ಮೀರಿದ ಗಳಿಕೆಗಾಗಿ ಹೆಚ್ಚುವರಿ ಪಾಳಿಯನ್ನು ಬೇಡಿ ಪಡೆಯುವವರು ಈ ಮಾತನ್ನು ನೆನೆಯಬೇಕು.

ಆದರೆ ಎಲ್ಲರೂ ಆಸೆಯಿಂದಲೇ ಹೆಚ್ಚು ದುಡಿಯುತ್ತಾರೆ ಎನ್ನುವುದು ಅನ್ಯಾಯವಾದೀತು. ಸಾಲ, ಮಕ್ಕಳ ಶುಲ್ಕ, ಕಡಿಮೆ ಸಂಬಳ ಇವು ಬಡವನ ಕೈಕಟ್ಟುತ್ತವೆ. ಕರ್ನಾಟಕವು 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಂದ ತಿದ್ದುಪಡಿ ವಾರಕ್ಕೆ 48 ಗಂಟೆಗಳ ಮಿತಿಯನ್ನು ಉಳಿಸಿಯೂ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ನೀಡಿತು. ವಾರದ ಲೆಕ್ಕ ಸರಿಹೋಗಬಹುದು; ಗಿಡ, ಮಗು, ಇಷ್ಟಲಿಂಗ ಪೂಜೆ ಇವು ವಾರದ ಲೆಕ್ಕ ಕೇಳುವುದಿಲ್ಲ, ನಿತ್ಯದ ಲೆಕ್ಕ ಕೇಳುತ್ತವೆ. ಆಳಿನ ದಿನವನ್ನು ಪೂರ್ತಿ ಕೊಂಡುಕೊಳ್ಳುವ ಧಣಿಗೂ ಲಕ್ಕಮ್ಮನವರ ಮಾತು ಅನ್ವಯಿಸುತ್ತದೆ.

ಹಿತ್ತಲಿಗೂ ಇದೇ ಅಳತೆ ಬೇಕು. ಉತ್ಸಾಹದಲ್ಲಿ ಹತ್ತು ಮಡಿ ಮಾಡಿ, ನೀರು ಹಾಕುವ ಹೊರೆಯನ್ನು ಮಡದಿಯ ಅಥವಾ ವೃದ್ಧ ತಾಯಿಯ ತಲೆಗೆ ಕಟ್ಟುವುದು ಕಾಯಕವಲ್ಲ; ಅದು ಅನ್ಯರ ಶ್ರಮದ ಮೇಲಿನ ಡಂಭ. ಇಪ್ಪತ್ತು ನಿಮಿಷ ಮಾತ್ರ ಉಳ್ಳವನಿಗೆ ಎರಡು ಮಡಿ ಸಾಕು. ಹರಿವೆ, ಮೆಂತ್ಯೆ ಸುಮಾರು ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ಬಸಳೆಯ ಕಡ್ಡಿ ಊರಿದರೆ ಚಿವುಟಿದಷ್ಟೂ ಚಿಗುರುತ್ತದೆ. ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ತೇವ ಉಳಿದು, ನೀರಿನ ಕೆಲಸವೂ ಕಳೆಯ ಕಾಟವೂ ತಗ್ಗುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಮಡಿಯನ್ನು ಎತ್ತರಿಸಿದರೆ ಬೇರು ಕೊಳೆಯುವುದಿಲ್ಲ. ಮಡಿ ಚಿಕ್ಕದಾಗಲಿ, ನಿತ್ಯವಾಗಲಿ.

ಬೆಳಗಿನ ಲಿಂಗಪೂಜೆಯ ನಂತರ ಗಿಡಕ್ಕೆ ಒಂದು ಕೊಡ ನೀರು. ಕೊಯ್ದ ಸೊಪ್ಪಿನಲ್ಲಿ ಒಂದು ಹಿಡಿ ನೆರೆಮನೆಗೆ. ಮೊದಲನೆಯದು ಕಾಯಕ, ಎರಡನೆಯದು ದಾಸೋಹ. ದಿನವಿಡೀ ಯಂತ್ರದ ವೇಗಕ್ಕೆ ದುಡಿದ ಮನಸ್ಸು ಗಿಡದ ವೇಗಕ್ಕೆ ಇಳಿಯುವ ಆ ಇಪ್ಪತ್ತು ನಿಮಿಷಗಳಲ್ಲಿ ಒಳಗಿನ ಕಳೆಯೂ ಕಣ್ಣಿಗೆ ಬೀಳುತ್ತದೆ. ಅದನ್ನು ಕೀಳುವುದೇ ಪ್ರಭುದೇವರು ತೋರಿದ ತೋಟಗಾರಿಕೆ.