ಆರಿಸುವುದು ಸುಲಭ, ಬೆಳೆಸುವುದು ಕಷ್ಟ

ಬೇಸಿಗೆ ಬಂತೆಂದರೆ ಯುರೋಪಿನಲ್ಲಿ ಫುಟ್‌ಬಾಲ್ ಆಟಗಾರರ ವರ್ಗಾವಣೆಯ ಸಂತೆ ನೆರೆಯುತ್ತದೆ. ನಮ್ಮ ಇಲಾಖೆಯಲ್ಲಿ ವರ್ಗಾವಣೆಯೆಂದರೆ ಟ್ರಂಕು, ಹಾಸಿಗೆ ಕಟ್ಟಿಕೊಂಡು ಬಸ್ಸು ಹತ್ತುವುದಾಗಿತ್ತು. ಅಲ್ಲಿ ಅದು ಕೋಟಿಗಟ್ಟಲೆ ಯೂರೋಗಳ ವ್ಯಾಪಾರ. ಈ ಸಂತೆಯ ಸುದ್ದಿಯನ್ನು ಆಸಕ್ತಿಯಿಂದ ಹಿಂಬಾಲಿಸುವ ನನ್ನ ಹಳೆಯ ವಿದ್ಯಾರ್ಥಿಗಳು ಹೂಡುವ ವಾದವೊಂದಿದೆ: ಸಿದ್ಧ ಆಟಗಾರನನ್ನು ಕೊಳ್ಳುವುದೇ ಜಾಣತನ, ಹತ್ತು ವರ್ಷದ ಹುಡುಗರನ್ನು ಕರೆತಂದು ಇನ್ನೊಂದು ಹತ್ತು ವರ್ಷ ತಿದ್ದುತ್ತ ಕೂರುವುದು ಹಣವಿಲ್ಲದವರ ಅನಿವಾರ್ಯತೆಯೇ ಹೊರತು ಆದರ್ಶವಲ್ಲ. ಈ ವಾದವನ್ನು ನಾನು ಒಪ್ಪುವುದಿಲ್ಲ. ನನ್ನ ಸಾಕ್ಷಿ, ಸ್ಪೇನಿನ ಉತ್ತರದಲ್ಲಿರುವ ಬಾಸ್ಕ್ ನಾಡಿನ ಬಿಲ್ಬಾವೊ ನಗರದ ಅಥ್ಲೆಟಿಕ್ ಕ್ಲಬ್.

1898ರಲ್ಲಿ ಹುಟ್ಟಿದ ಈ ಕ್ಲಬ್ಬು ನೂರಕ್ಕೂ ಹೆಚ್ಚು ವರ್ಷಗಳಿಂದ ಒಂದು ಕಟ್ಟಳೆಯನ್ನು ಪಾಲಿಸುತ್ತ ಬಂದಿದೆ. ಬಾಸ್ಕ್ ಸೀಮೆಯಲ್ಲಿ ಹುಟ್ಟಿದ, ಅಥವಾ ಅಲ್ಲಿಯ ಕ್ಲಬ್ಬುಗಳಲ್ಲಿ ಆಟ ಕಲಿತು ಬೆಳೆದ ಆಟಗಾರರಿಗೆ ಮಾತ್ರ ಅದರ ತಂಡದಲ್ಲಿ ಸ್ಥಾನ. ಆ ಸೀಮೆಯ ಒಟ್ಟು ಜನಸಂಖ್ಯೆ ಸುಮಾರು 30 ಲಕ್ಷ. ಉಳಿದವರು ಬ್ರೆಜಿಲ್‌ನಿಂದ ಜಪಾನಿನವರೆಗೆ ಬಲೆ ಬೀಸುವಾಗ ಇವರು ತಮ್ಮ ಹಿತ್ತಲಲ್ಲೇ ಬೆಳೆ ತೆಗೆಯಬೇಕು. ಆ ಹಿತ್ತಲಿನ ಹೆಸರು ಲೆಸಾಮಾ. ಬಿಲ್ಬಾವೊ ಬಳಿಯ ಈ ತರಬೇತಿ ಕೇಂದ್ರ 1971ರಲ್ಲಿ ಆರಂಭವಾಯಿತು. ಇಷ್ಟು ಸಣ್ಣ ಹೊಲದ ಫಸಲನ್ನು ನಂಬಿ ಬದುಕುವ ಕ್ಲಬ್ಬು ಎಂದೋ ಮುಳುಗಬೇಕಿತ್ತು ಎಂದು ಲೆಕ್ಕಾಚಾರದವರು ಹೇಳಿಯಾರು. ಆದರೆ 1929ರಲ್ಲಿ ಸ್ಪೇನಿನ ಲೀಗ್ ಪ್ರಾರಂಭವಾದಂದಿನಿಂದ ಒಮ್ಮೆಯೂ ಎರಡನೆಯ ದರ್ಜೆಗೆ ಇಳಿಯದ ಕ್ಲಬ್ಬುಗಳು ಮೂರೇ ಮೂರು: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಈ ಅಥ್ಲೆಟಿಕ್.

ಇದರ ಗುಟ್ಟೇನು? ಬಾಸ್ಕ್ ಮಕ್ಕಳ ಕಾಲುಗಳಲ್ಲಿ ವಿಶೇಷ ಶಕ್ತಿಯೇನೂ ಇಲ್ಲ. ಕೊಳ್ಳುವ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಕಲಿಸುವವನಿಗೆ ತಪ್ಪಿಸಿಕೊಳ್ಳುವ ದಾರಿ ಉಳಿದಿಲ್ಲ, ಅಷ್ಟೆ. ಎದುರಿಗಿರುವ ಹುಡುಗನ ಎಡಗಾಲು ದುರ್ಬಲವಾಗಿದ್ದರೆ ಆ ಎಡಗಾಲನ್ನೇ ಸರಿಪಡಿಸಬೇಕು. ಅರ್ಜೆಂಟೀನಾದಿಂದ ಇನ್ನೊಂದು ಕಾಲನ್ನು ತರಿಸುವಂತಿಲ್ಲ. ಬದಲಿ ಸಿಗದ ಕಡೆಯಲ್ಲಿ ತಾಳ್ಮೆ ತಾನಾಗಿ ಹುಟ್ಟುತ್ತದೆ. ಕೈತುಂಬ ಹಣವಿರುವ ಕ್ಲಬ್ಬಿನಲ್ಲಿ ಮಗುವಿನ ಮೊದಲ ತಪ್ಪೇ ಕೊನೆಯ ತಪ್ಪಾಗುತ್ತದೆ.

ಒಂದು ಉದಾಹರಣೆ ನೋಡಿ. ಸ್ಪೇನಿನಲ್ಲಿ ಆಟಗಾರನ ಒಪ್ಪಂದದಲ್ಲಿ ಬಿಡುಗಡೆಯ ಮೊತ್ತವೊಂದನ್ನು ನಮೂದಿಸಿರುತ್ತಾರೆ. ಅದು ಪಾವತಿಯಾದರೆ, ಹೊರಡಲು ಒಪ್ಪಿದ ಆಟಗಾರನನ್ನು ಕ್ಲಬ್ಬು ತಡೆಯಲಾರದು. 2018ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಚೆಲ್ಸಿಯು ಹೀಗೆ 8 ಕೋಟಿ ಯೂರೋ ತೆತ್ತು ಲೆಸಾಮಾದಲ್ಲಿ ಬೆಳೆದ ಗೋಲಿ ಕೆಪಾ ಅರಿಸಬಲಾಗಾನನ್ನು ಕರೆದೊಯ್ದಿತು. ಗೋಲಿಯೊಬ್ಬನಿಗೆ ಅದುವರೆಗೆ ಯಾರೂ ಕೊಡದಿದ್ದ ಬೆಲೆ ಅದು. ಇನ್ನೊಬ್ಬ ಗೋಲಿ ಗಾಯಗೊಂಡಿದ್ದ. ಆಗ ಬೇರೊಂದು ಕ್ಲಬ್ಬಿಗೆ ಎರವಲು ಹೋಗಿದ್ದ 21 ವರ್ಷದ ಉನಾಯ್ ಸಿಮೋನ್‌ನನ್ನು ಮರಳಿ ಕರೆಸಲಾಯಿತು. ಅವನೂ ಲೆಸಾಮಾದ ಹುಡುಗನೇ. ಅದೇ ತಿಂಗಳು ಮೊದಲ ತಂಡದ ಗೋಲು ಕಾಯ್ದ. ಹಿರಿಯ ಗೋಲಿ ಗುಣಮುಖನಾಗಿ ಬಂದಾಗ ಪಕ್ಕಕ್ಕೆ ಸರಿದು ಕಾದ. ಆಮೇಲೆ ಸ್ಥಾನವನ್ನು ಗೆದ್ದುಕೊಂಡ. 2021ರಲ್ಲಿ ಯೂರೋ ಪಂದ್ಯಾವಳಿಯಲ್ಲಿ ಕ್ರೊಯೇಷಿಯಾದ ಎದುರು ಸ್ವಂತ ತಂಡದವನೇ ಹಿಂದಕ್ಕೆ ಒದ್ದ ಚೆಂಡು ಅವನ ಕಾಲು ತಪ್ಪಿಸಿ ಗೋಲಿನೊಳಗೆ ಉರುಳಿತು. ಜಗತ್ತು ನಕ್ಕಿತು. ಅವನನ್ನು ಯಾರೂ ಹೊರಗೆ ಹಾಕಲಿಲ್ಲ. ಮುಂದಿನ ಪಂದ್ಯದಲ್ಲಿ ಸ್ವಿಟ್ಜರ್ಲೆಂಡಿನ ಎದುರು ಪೆನಾಲ್ಟಿಗಳನ್ನು ತಡೆದು ಸ್ಪೇನನ್ನು ಗೆಲ್ಲಿಸಿದ. 2024ರಲ್ಲಿ ಸ್ಪೇನ್ ಯೂರೋ ಗೆದ್ದಾಗ ಗೋಲಿನಲ್ಲಿ ನಿಂತವನೂ ಅವನೇ. ತರಗತಿಯಲ್ಲಿ ಪಾಠ ಹೇಳಿದ ಯಾರಿಗಾದರೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ಇದು ಕುಲ, ರಕ್ತಗಳ ಸಂಕುಚಿತತೆ ಎಂಬುದು ಮೊದಲನೆಯದು. ಹಿಂದೆ ಈ ಕಟ್ಟಳೆಯ ವ್ಯಾಖ್ಯೆ ಇಂದಿಗಿಂತ ಬಿಗಿಯಾಗಿದ್ದದ್ದು ನಿಜ. ಹಾಗೆಯೇ ಉಳಿದಿದ್ದರೆ ನಾನು ಅದರ ಪರವಾಗಿ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಆದರೆ ಇಂದು ಆ ತಂಡದ ಕಣ್ಮಣಿಗಳು ಇನ್ಯಾಕಿ ಮತ್ತು ನಿಕೊ ವಿಲಿಯಮ್ಸ್ ಸಹೋದರರು. ಅವರ ತಂದೆತಾಯಿ ಘಾನಾ ದೇಶದಿಂದ ಸಹಾರಾ ಮರುಭೂಮಿಯನ್ನು ದಾಟಿ ಬಂದ ವಲಸಿಗರು. ಅಣ್ಣ ಹುಟ್ಟಿದ್ದು ಬಿಲ್ಬಾವೊದಲ್ಲಿ, ತಮ್ಮ ಪಾಂಪ್ಲೋನಾದಲ್ಲಿ. ಬೇರೆ ಕ್ಲಬ್ಬುಗಳು ಬಾಗಿಲು ತಟ್ಟುತ್ತಿದ್ದಾಗಲೂ ನಿಕೊ 2025ರ ಜುಲೈನಲ್ಲಿ 2035ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿದ. ನೀರುಣಿಸಿದ ನೆಲವನ್ನು ನೆನೆಯಲು ರಕ್ತಸಂಬಂಧ ಬೇಕಿಲ್ಲ.

ಎರಡನೆಯದು, ಗೆದ್ದದ್ದೇನು ಎಂಬ ಪ್ರಶ್ನೆ. ಲೀಗ್ ಮತ್ತು ಕೋಪಾ ಡೆಲ್ ರೇ ಎರಡನ್ನೂ ಗೆದ್ದ 1984ರ ನಂತರ ಬಹುಕಾಲ ಈ ಎರಡೂ ಅವರಿಗೆ ದಕ್ಕಲಿಲ್ಲ. 2009, 2012, 2015ರ ಕೋಪಾ ಫೈನಲ್‌ಗಳಲ್ಲಿ ಬಾರ್ಸಿಲೋನಾ ಎದುರು ಸೋತರು. 2021ರ ಏಪ್ರಿಲ್‌ನಲ್ಲಂತೂ ಎರಡೇ ವಾರಗಳ ಅಂತರದಲ್ಲಿ ಎರಡು ಫೈನಲ್ ಸೋತರು. ಆಗಲೂ ಕಟ್ಟಳೆಯನ್ನು ಬದಲಿಸಲಿಲ್ಲ. ಕಡೆಗೆ 2024ರ ಏಪ್ರಿಲ್ 6ರಂದು ಸೆವಿಲ್ಲೆಯಲ್ಲಿ ಮಯೋರ್ಕಾ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಕೋಪಾ ಗೆದ್ದರು. ಅಂದು ಗೋಲು ಕಾಯ್ದದ್ದು ಸಿಮೋನ್ ಕೂಡ ಅಲ್ಲ, ಲೆಸಾಮಾದ ಮತ್ತೊಬ್ಬ ಹುಡುಗ ಅಗಿರೆಸಬಾಲಾ! ನಲವತ್ತು ವರ್ಷಗಳ ಬಳಿಕ ಆ ಕಪ್ಪು ದೋಣಿಯೇರಿ ನೆರ್ವಿಯೋನ್ ನದಿಯಲ್ಲಿ ಬಂದಾಗ ದಡದಲ್ಲಿ ಜನಸಾಗರವೇ ನೆರೆದಿತ್ತು. ಕೊಂಡು ತಂದ ಗೆಲುವಿಗೆ ಊರು ಹಾಗೆ ಅಳುವುದಿಲ್ಲ.

ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಅಥ್ಲೆಟಿಕ್ ಕೂಡ ಕೊಳ್ಳುತ್ತದೆ, ಅದೂ ನೆರೆಹೊರೆಯ ಸಣ್ಣ ಕ್ಲಬ್ಬುಗಳು ಬೆಳೆಸಿದವರನ್ನು. 2018ರ ಜನವರಿಯಲ್ಲಿ ಲಾಪೋರ್ಟ್ ಎಂಬ ಆಟಗಾರ ಮ್ಯಾಂಚೆಸ್ಟರ್ ಸಿಟಿಗೆ ಹೋದಾಗ ನೆರೆಯ ರಿಯಲ್ ಸೊಸಿಯೆದಾದ್‌ನಿಂದ ಇನ್ಯಿಗೊ ಮಾರ್ತಿನೆಸ್‌ನನ್ನು 3.2 ಕೋಟಿ ಯೂರೋಗಳಿಗೆ ತಂದರು. ಇದು ಅವರ ನೀತಿಯ ದುರ್ಬಲ ಅಂಗ, ನಾನು ಸಮರ್ಥಿಸುವುದಿಲ್ಲ. ಹಿತ್ತಲು ನನ್ನದು ಎನ್ನುವವನು ಪಕ್ಕದವನ ಬೇಲಿಯನ್ನೂ ಗೌರವಿಸಬೇಕು. ಆ ಸೊಸಿಯೆದಾದ್ ಕೂಡ ಒಂದು ಕಾಲದಲ್ಲಿ ಇಂಥದೇ ಕಟ್ಟಳೆಯನ್ನಿಟ್ಟುಕೊಂಡಿತ್ತು. 1989ರಲ್ಲಿ ಜಾನ್ ಆಲ್ಡ್ರಿಡ್ಜ್‌ನನ್ನು ತಂದು ಅದನ್ನು ಕೈಬಿಟ್ಟಿತು. ಮಕ್ಕಳನ್ನು ಬೆಳೆಸುವುದನ್ನು ಮಾತ್ರ ಬಿಡಲಿಲ್ಲ. ಅಂದರೆ ಕಟ್ಟಳೆಗಿಂತ ಮುಖ್ಯವಾದದ್ದು ಅದರ ಹಿಂದಿನ ಮನೋಧರ್ಮ.

ಲೆಸಾಮಾಕ್ಕೆ ಬಂದ ಮಕ್ಕಳೆಲ್ಲ ಮೊದಲ ತಂಡವನ್ನು ಸೇರುವುದಿಲ್ಲ, ಸ್ಥಾನಗಳು ಹನ್ನೊಂದೇ. ಬೆಳೆಸುತ್ತೇವೆಂದು ಹೊರಟ ಕ್ಲಬ್ಬನ್ನು ಅಳೆಯಬೇಕಾದದ್ದು ಸೇರಿದವರಿಂದ ಮಾತ್ರವಲ್ಲ, ಸೇರದೆ ಮನೆಗೆ ಮರಳಿದ ಹುಡುಗ ಓದು, ಆರೋಗ್ಯ, ಆತ್ಮಗೌರವಗಳಲ್ಲಿ ಏನನ್ನು ಹೊತ್ತು ಹೋದ ಎಂಬುದರಿಂದಲೂ. ಶಾಲೆಯನ್ನೂ ಹೀಗೆಯೇ ಅಳೆಯಬೇಕು. ಪ್ರವೇಶ ಪರೀಕ್ಷೆ ನಡೆಸಿ ತೊಂಬತ್ತು ಅಂಕದವರನ್ನೇ ಸೋಸಿಕೊಂಡು, ಅವರು ತೊಂಬತ್ತೈದು ತೆಗೆದಾಗ ಫಲಕ ಹಾಕಿಸುವ ಸಂಸ್ಥೆಗಳು ಕಲಿಸುವ ಕಸುಬಿನವಲ್ಲ, ಕೊಳ್ಳುವ ಕಸುಬಿನವು. ನಮಗೆ ಆರಿಸುವ ಹಕ್ಕಿರಲಿಲ್ಲ. ಊರು ಕಳಿಸಿದ ಮಕ್ಕಳೇ ನಮ್ಮ ತಂಡ. ಅಂಥ ಮಕ್ಕಳನ್ನು ದೂರುವ ಉಪಾಧ್ಯಾಯನಿಗೂ, ಕುಣಿಯಲಾರದೆ ನೆಲ ಡೊಂಕೆಂದವಳಿಗೂ ವ್ಯತ್ಯಾಸವಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಕಿರಿಯರನ್ನು ನೇಮಿಸಿಕೊಳ್ಳುವ ಸ್ಥಾನದಲ್ಲಿದ್ದೀರಿ. ಅನುಭವವಿದ್ದವರೇ ಬೇಕೆಂದು ಜಾಹೀರಾತು ಕೊಡುವ ಮುನ್ನ ಒಂದು ಕ್ಷಣ ಯೋಚಿಸಿ. ಎಲ್ಲರೂ ಸಿದ್ಧವಾದವರನ್ನೇ ಬಯಸಿದರೆ ಸಿದ್ಧಗೊಳಿಸುವವರು ಯಾರು?