ಕೆಟ್ಟ ರಿವ್ಯೂ ಬಂದಾಗ ಮೊದಲು ಕ್ಯಾಲೆಂಡರ್ ತೆಗೆಯಿರಿ

ನಾವೆಲ್ಲ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ಬೆಳೆದವರು. ಅಂಕ ಕಡಿಮೆ ಬಂತು ಅನಿಸಿದರೆ ಅದಕ್ಕೊಂದು ದಾರಿ ಇತ್ತು. ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸು, ಮರುಎಣಿಕೆಗೆ ಹಾಕು, ಇಲ್ಲವೇ ದುಡ್ಡು ಕಟ್ಟಿ ಮರುಮೌಲ್ಯಮಾಪನ ಮಾಡಿಸು. ಸರಿಯಾಗಿ ಬರೆದಿದ್ದರೆ ಅಂಕ ವಾಪಸ್ ಬರುತ್ತಿತ್ತು. ಅಮೆರಿಕಕ್ಕೆ ಬಂದು ಹತ್ತು ಹದಿನೈದು ವರ್ಷವಾದರೂ ಆ ನಂಬಿಕೆ ಹೋಗುವುದಿಲ್ಲ. ಫೆಬ್ರವರಿಯಲ್ಲಿ "ನಿರೀಕ್ಷೆಗಿಂತ ಕಡಿಮೆ" ಅನ್ನುವ ರೇಟಿಂಗ್ ಕೈಗೆ ಬಂದ ರಾತ್ರಿಯೇ ಕೂತು ಆರು ಪುಟದ ಇಮೇಲ್ ಬರೆಯುತ್ತೇವೆ. ವರ್ಷದಲ್ಲಿ ಮಾಡಿದ ಪ್ರತಿ ಪ್ರಾಜೆಕ್ಟ್, ಶನಿವಾರ ರಾತ್ರಿ ಎದ್ದು ಸರಿಪಡಿಸಿದ ಪ್ರತಿ ತೊಂದರೆ, ಮ್ಯಾನೇಜರ್ ಹಿಂದೆ ಹೇಳಿದ್ದ ಒಳ್ಳೆಯ ಮಾತುಗಳ ಸ್ಕ್ರೀನ್‌ಶಾಟ್, ಎಲ್ಲವೂ ಅದರಲ್ಲಿರುತ್ತವೆ. ಎಚ್‌ಆರ್‌ಗೆ ಸಿಸಿ ಬೇರೆ.

ಆ ಇಮೇಲ್ ಕಳಿಸಬೇಡಿ. ಅದರಲ್ಲಿರುವುದು ಸುಳ್ಳು ಅಂತಲ್ಲ. ಎಲ್ಲವೂ ನಿಜವಿರಬಹುದು, ನಿಮ್ಮ ಮ್ಯಾನೇಜರ್ ನಿಜಕ್ಕೂ ಅನ್ಯಾಯ ಮಾಡಿರಬಹುದು. ಆದರೆ ಇಲ್ಲಿ ಮರುಮೌಲ್ಯಮಾಪನದ ಕೌಂಟರ್ ಇಲ್ಲ.

ರೇಟಿಂಗ್ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಬಜೆಟ್ ಕಡೆಯಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋನಸ್‌ಗೆ, ಸಂಬಳ ಏರಿಕೆಗೆ ಇಡೀ ವಿಭಾಗಕ್ಕೆ ಇಷ್ಟು ಅಂತ ಒಂದು ಮೊತ್ತ ನಿಗದಿಯಾಗಿರುತ್ತದೆ. ಅದನ್ನು ಹಂಚಲು ಮ್ಯಾನೇಜರ್‌ಗಳೆಲ್ಲ ಕೂತು ಕ್ಯಾಲಿಬ್ರೇಶನ್ ಸಭೆ ಮಾಡುತ್ತಾರೆ. ಒಬ್ಬರನ್ನು ಮೇಲೆ ಹಾಕಿದರೆ ಇನ್ನೊಬ್ಬರು ಕೆಳಗೆ ಹೋಗಬೇಕು. ಜ್ಯಾಕ್ ವೆಲ್ಚ್ ಕಾಲದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಇದಕ್ಕೆ ಬಹಿರಂಗವಾಗಿಯೇ ಲೆಕ್ಕವಿತ್ತು: ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಪದ್ಧತಿ ಕೈಬಿಟ್ಟಿತು, ಅಡೋಬಿ ಅದಕ್ಕೂ ಮೊದಲೇ ವಾರ್ಷಿಕ ರಿವ್ಯೂವನ್ನೇ ನಿಲ್ಲಿಸಿತು. ಆದರೂ ಹಲವು ಕಂಪನಿಗಳಲ್ಲಿ ಹೆಸರು ಬದಲಾಗಿದೆ, ಹಂಚಿಕೆಯ ಗಣಿತ ಹಾಗೇ ಇದೆ. ಮ್ಯಾನೇಜರ್ ನಿಮ್ಮೆದುರು ಕೂತು ರೇಟಿಂಗ್ ಓದುವ ಹೊತ್ತಿಗೆ ಅದು ತೀರ್ಮಾನವಾಗಿ ವಾರಗಳೇ ಕಳೆದಿರುತ್ತವೆ. ಅದನ್ನು ಬದಲಿಸಬೇಕಾದರೆ ಅವರು ಮೇಲಿನವರ ಹತ್ತಿರ ಹೋಗಿ ಮುಗಿದ ಲೆಕ್ಕವನ್ನು ಮತ್ತೆ ಬಿಚ್ಚಬೇಕು. ನಿಮ್ಮನ್ನು ಇಷ್ಟಪಡುವ ಮ್ಯಾನೇಜರೂ ಅದನ್ನು ಮಾಡುವುದು ಅಪರೂಪ. ವಾದ ಮಾಡುವ ಕಾಲ ಅಕ್ಟೋಬರ್, ನವೆಂಬರ್. ಆಗ ನಾವು ಸುಮ್ಮನಿರುತ್ತೇವೆ, "ಕೆಲಸವೇ ಮಾತಾಡುತ್ತದೆ" ಅಂತ.

(ಮ್ಯಾನೇಜರ್ ನಮ್ಮ ದೇಶದವರೇ ಆಗಿದ್ದರೆ ನೋವು ಇನ್ನೂ ಹೆಚ್ಚು. ದೀಪಾವಳಿಗೆ ಮನೆಗೆ ಬಂದು ಊಟ ಮಾಡಿ ಹೋದವರು ಹೀಗೆ ಮಾಡಿದರಲ್ಲ ಅಂತ. ಕ್ಯಾಲಿಬ್ರೇಶನ್ ಪಟ್ಟಿಯಲ್ಲಿ ಹೋಳಿಗೆಗೆ ಕಾಲಂ ಇರುವುದಿಲ್ಲ.)

ಈಗ ಲೆಕ್ಕಕ್ಕೆ ಬನ್ನಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷದ ಸಂಬಳ 1,60,000 ಡಾಲರ್. ಒಳ್ಳೆಯ ರೇಟಿಂಗ್ ಇದ್ದಿದ್ದರೆ ಶೇ 3 ಏರಿಕೆ, ಅಂದರೆ 4,800 ಡಾಲರ್. ರೇಟಿಂಗ್ ಕೆಟ್ಟದ್ದರಿಂದ ಅದು ಸೊನ್ನೆ. ಇದು ನೀವು ಕಳೆದುಕೊಂಡದ್ದು. ಇನ್ನು ಮುಂದೆ ಬರಬೇಕಾದ್ದು ನೋಡಿ: ಮಾರ್ಚ್ ಮಧ್ಯದಲ್ಲಿ, ಅರ್ಧಕ್ಕೆ ಇಳಿದರೂ, 12,000 ಡಾಲರ್ ಬೋನಸ್, ಅದು ಕೈಗೆ ಬರಲು ಆ ದಿನ ನೀವು ಕೆಲಸದಲ್ಲಿರಬೇಕು. ಮೇ ತಿಂಗಳಲ್ಲಿ ವೆಸ್ಟ್ ಆಗುವ 200 ಆರ್‌ಎಸ್‌ಯು ಶೇರು, ತಲಾ 120 ಡಾಲರ್‌ನಂತೆ 24,000. ಎರಡೂ ಸೇರಿ, ತೆರಿಗೆಗೆ ಮೊದಲು, 36,000 ಡಾಲರ್. ನೀವು ರಾತ್ರಿಯೆಲ್ಲ ಕೂತು ಬರೆದ ಇಮೇಲ್ 4,800ಕ್ಕಾಗಿ. ಅದರಿಂದ ಮ್ಯಾನೇಜರ್ ಜತೆಗಿನ ಸಂಬಂಧ ಎರಡು ತಿಂಗಳು ಮೊದಲೇ ಹರಿದುಹೋದರೆ ಅಪಾಯಕ್ಕೆ ಬೀಳುವುದು 36,000. ಏರಿಕೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ ನಿಜ, ಆದರೆ ನೀವು ಕಂಪನಿ ಬದಲಿಸಿದ ದಿನ ಆ ಸರಪಳಿ ಹೇಗೂ ಹೊಸದಾಗಿ ಶುರುವಾಗುತ್ತದೆ.

ಆದ್ದರಿಂದ ನೀವು ಹೋರಾಡಿ ಪಡೆಯಬೇಕಾದ್ದು ದಿನಗಳನ್ನು. ಬೋನಸ್ ದಿನ, ವೆಸ್ಟಿಂಗ್ ದಿನ, 401ಕೆಯಲ್ಲಿ ಕಂಪನಿ ಹಾಕಿದ ಪಾಲು ನಿಮ್ಮದಾಗುವ ದಿನ. ನೀವು ಹಾಕಿದ ಹಣ ಯಾವಾಗಲೂ ಪೂರ್ತಿ ನಿಮ್ಮದೇ. ಕಂಪನಿಯ ಪಾಲಿಗೆ ಮಾತ್ರ ಕೆಲವು ಕಡೆ ಮೂರು ವರ್ಷ ಕಾಯಬೇಕು, ವರ್ಷವರ್ಷ ಸ್ವಲ್ಪಸ್ವಲ್ಪ ಸಿಗುವಂತಿದ್ದರೆ ಆರು ವರ್ಷದವರೆಗೂ ಎಳೆಯಬಹುದು. ಎರಡು ವರ್ಷ ಹನ್ನೊಂದು ತಿಂಗಳಿಗೆ ಕೋಪದಲ್ಲಿ ರಾಜೀನಾಮೆ ಕೊಟ್ಟವರನ್ನು ನಾನು ಕಂಡಿದ್ದೇನೆ. ಸ್ವಾಭಿಮಾನಕ್ಕೆ ಬೆಲೆ ಕಟ್ಟಬಾರದು ಅನ್ನುತ್ತಾರೆ. ನಾನು ಕಟ್ಟುತ್ತೇನೆ, ಅದು ನನ್ನ ವೃತ್ತಿ. ನೀವಾಗಿಯೇ ಬಿಟ್ಟರೆ ಸೆವೆರೆನ್ಸ್ ಸಾಮಾನ್ಯವಾಗಿ ಇಲ್ಲ, ನಿರುದ್ಯೋಗ ಭತ್ಯೆಯೂ ಬಹುತೇಕ ಇಲ್ಲ, ವೆಸ್ಟ್ ಆಗದ ಶೇರು ಅಲ್ಲಿಗೇ ಹೋಯಿತು.

ಎಚ್-1ಬಿ ಮೇಲಿರುವವರಿಗೆ ದಿನದ ಬೆಲೆ ಇನ್ನೂ ಹೆಚ್ಚು. 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ನಿಮ್ಮ ಐ-94 ಅದಕ್ಕೂ ಮೊದಲೇ ಮುಗಿಯುವುದಾದರೆ ಅಷ್ಟೂ ಇಲ್ಲ. ನೀವೇ ಬಿಟ್ಟರೂ, ಅವರೇ ತೆಗೆದರೂ ಇದೇ ಲೆಕ್ಕ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಗಂಡ ಅಥವಾ ಹೆಂಡತಿಯ ವೀಸಾ ಮೇಲೆ ಎಚ್-4ಕ್ಕೆ ಬದಲಾಗಲು ನೀವು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಇಂಟರ್‌ವ್ಯೂಗಳೇ ಆರೇಳು ಸುತ್ತು ನಡೆಯುವ ಈ ಕಾಲದಲ್ಲಿ 60 ದಿನ ಏನೂ ಅಲ್ಲ. ಆದರೆ ಕೆಟ್ಟ ರಿವ್ಯೂ ಬಂದ ದಿನ ಆ ಗಡಿಯಾರ ಇನ್ನೂ ಶುರುವಾಗಿಲ್ಲ. ಕೆಲಸ ಹೋಗುವುದೇ ಆದರೆ ರಿವ್ಯೂಗೂ ಅದಕ್ಕೂ ನಡುವೆ ಸಿಗುವ ಮೂರೋ ನಾಲ್ಕೋ ತಿಂಗಳೇ ನಿಮ್ಮ ನಿಜವಾದ ಅವಧಿ. ಆ ತಿಂಗಳುಗಳನ್ನು ಎಚ್‌ಆರ್ ಜತೆ ಪತ್ರ ವ್ಯವಹಾರದಲ್ಲಿ ಕಳೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಗ್ರೀನ್ ಕಾರ್ಡ್ ಸಾಲಿನಲ್ಲಿರುವವರು ಐ-140 ಯಾವ ದಿನ ಮಂಜೂರಾಯಿತು ಅಂತ ನೋಡಿಕೊಳ್ಳಿ. ಮಂಜೂರಾಗಿ 180 ದಿನ ದಾಟಿದ್ದರೆ, ಆಮೇಲೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಆರು ವರ್ಷದ ನಂತರದ ಎಚ್-1ಬಿ ವಿಸ್ತರಣೆಗೆ ಅದು ಕೆಲಸಕ್ಕೆ ಬರುತ್ತದೆ. 170ನೇ ದಿನ ಬಾಗಿಲು ಬಡಿದು ಹೊರಬಂದವರಿಗೆ ಆ ಭರವಸೆ ಇಲ್ಲ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಸಂಬಳ, ಶೇರು, ವೀಸಾ, ಆರೋಗ್ಯ ವಿಮೆ, ನಾಲ್ಕೂ ಒಂದೇ ಕಂಪನಿಗೆ ಕಟ್ಟಿಕೊಂಡಿರುವವರು ನಾವು. ವೆಸ್ಟ್ ಆದ ಶೇರನ್ನು ಹಾಗೇ ಇಟ್ಟುಕೊಂಡಿದ್ದರೆ ಈಗಲಾದರೂ ಮಾರುವ ಯೋಚನೆ ಮಾಡಿ. ಆರ್‌ಎಸ್‌ಯುಗೆ ವೆಸ್ಟ್ ಆದ ದಿನವೇ ಸಂಬಳದಂತೆ ತೆರಿಗೆ ಬಿದ್ದಿರುತ್ತದೆ. ಇತ್ತೀಚೆಗೆ ವೆಸ್ಟ್ ಆದದ್ದನ್ನು ಮಾರಿದರೆ ಹೊಸ ತೆರಿಗೆ ಅಲ್ಪವೇ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸೈಟಿಗೆ ಮುಂಗಡ ಕೊಡುವ ಮಾತಿದ್ದರೆ ಆರು ತಿಂಗಳು ಮುಂದೂಡಿ, ಅಪ್ಪನಿಗೆ ಕಾರಣ ಹೇಳಬೇಕಾಗಿಲ್ಲ. ಹೆಂಡತಿಗೆ, ಗಂಡನಿಗೆ ಮಾತ್ರ ಹೇಳಲೇಬೇಕು. ತಿಂಗಳ ಖರ್ಚು 7,500 ಡಾಲರ್ ಇರುವ ಮನೆಗೆ ಆರು ತಿಂಗಳಿಗೆ 45,000 ಕೈಯಲ್ಲಿರಬೇಕು, ಅದನ್ನು ಒಬ್ಬರೇ ಗುಟ್ಟಾಗಿ ಕೂಡಿಸಲಾಗದು. ಕೆಲಸ ಹೋದರೆ ಕೋಬ್ರಾ ಮೂಲಕ ಅದೇ ಆರೋಗ್ಯ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳು ಉಳಿಸಿಕೊಳ್ಳಬಹುದು, ಆದರೆ ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಅದರ ಮೇಲೆ ಶೇ 2, ನೀವೇ ಕಟ್ಟಬೇಕು. ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಹಾಗಾದರೆ ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರಬೇಕೇ? ಇಲ್ಲಿ ಎರಡು ಬಗೆಯ ಅನ್ಯಾಯವನ್ನು ಬೇರೆ ಮಾಡಬೇಕು. ಮ್ಯಾನೇಜರ್‌ಗೆ ನೀವು ಇಷ್ಟವಿಲ್ಲ, ನಿಮ್ಮ ಕೆಲಸದ ಹೆಸರು ಇನ್ನೊಬ್ಬರಿಗೆ ಹೋಯಿತು, ಹೊಸ ಮ್ಯಾನೇಜರ್ ಬಂದು ಮೂರೇ ತಿಂಗಳಲ್ಲಿ ತೀರ್ಪು ಕೊಟ್ಟರು: ಇವೆಲ್ಲ ಅನ್ಯಾಯವೇ, ಆದರೆ ಕಾನೂನು ಇವನ್ನು ಕೇಳುವುದಿಲ್ಲ. ಮೊಂಟಾನಾ ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕಾರಣ ಹೇಳದೆ ಕೆಲಸದಿಂದ ತೆಗೆಯಬಹುದು ಅನ್ನುವುದೇ ಮೂಲ ನಿಯಮ. ಇದಕ್ಕೆ ಉತ್ತರ ಬೇರೆ ಕೆಲಸ, ಅಥವಾ ಅದೇ ಕಂಪನಿಯ ಬೇರೆ ತಂಡ. ತಂಡ ಬದಲಿಸುವುದಾದರೆ ಪಿಐಪಿ ಬರುವ ಮೊದಲೇ ಕೇಳಿ, ಬಂದ ಮೇಲೆ ಅನೇಕ ಕಂಪನಿಗಳು ಬಿಡುವುದಿಲ್ಲ.

ಇನ್ನೊಂದು ಬಗೆ ಬೇರೆ. ಊರಿನಲ್ಲಿ ಅಮ್ಮನಿಗೆ ಗಂಭೀರ ಕಾಯಿಲೆ ಅಂತ ಎಫ್‌ಎಂಎಲ್‌ಎ ರಜೆ ಹಾಕಿ ಎಂಟು ವಾರ ಹೋಗಿ ಬಂದಿರಿ, ರಿವ್ಯೂನಲ್ಲಿ "ಈ ವರ್ಷ ಲಭ್ಯತೆ ಕಡಿಮೆ" ಅಂತ ಬರೆದರು. ಇದು ಬರೀ ಕೆಟ್ಟತನವಲ್ಲ. 1993ರ ಆ ಕಾನೂನು ಅರ್ಹರಿಗೆ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ಕೊಡುತ್ತದೆ, ಎಚ್-1ಬಿಯವರಿಗೂ ಅನ್ವಯಿಸುತ್ತದೆ, ಆ ರಜೆಯನ್ನು ಮೌಲ್ಯಮಾಪನದಲ್ಲಿ ನಿಮ್ಮ ವಿರುದ್ಧ ಬಳಸುವುದನ್ನು ನಿಷೇಧಿಸುತ್ತದೆ. (ಅತ್ತೆ ಮಾವ ಅದರಲ್ಲಿ ಬರುವುದಿಲ್ಲ. ಇದನ್ನು ಬರೆದವರು ನಮ್ಮ ಮನೆಗಳನ್ನು ನೋಡಿಲ್ಲ.) ಹಾಗೆಯೇ ಹುಟ್ಟಿದ ದೇಶ, ಬಸಿರು, 40 ದಾಟಿದ ವಯಸ್ಸು ಕಾರಣವಾಗಿ ರೇಟಿಂಗ್ ಇಳಿದಿದ್ದರೆ ಅದೂ ಕಾನೂನಿನ ವಿಷಯ. ಫೆಡರಲ್ ಇಇಒಸಿಗೆ ದೂರು ಕೊಡಲು 180 ದಿನ, ಬಹಳಷ್ಟು ರಾಜ್ಯಗಳಲ್ಲಿ 300 ದಿನ. ಎಚ್‌ಆರ್ "ಪರಿಶೀಲಿಸುತ್ತಿದ್ದೇವೆ" ಅನ್ನುತ್ತಿದ್ದರೂ ಆ ದಿನಗಳು ಓಡುತ್ತಲೇ ಇರುತ್ತವೆ. ಇಲ್ಲಿ ಖಂಡಿತ ಹೋರಾಡಿ, ಆದರೆ ಎಚ್‌ಆರ್‌ಗಿಂತ ಮೊದಲು ಉದ್ಯೋಗ ಕಾನೂನಿನ ವಕೀಲರ ಹತ್ತಿರ ಹೋಗಿ.

ಎರಡೂ ಬಗೆಯಲ್ಲಿ ರಿವ್ಯೂಗೆ ಉತ್ತರ ಬರೆಯುವುದು ಒಳ್ಳೆಯದೇ, ಆರು ಪುಟವಲ್ಲ, ಹತ್ತು ಸಾಲು. ಯಾವ ಕೆಲಸ, ಯಾವ ದಿನ, ಏನು ಫಲಿತಾಂಶ, ವಿಶೇಷಣಗಳು ಬೇಡ. ಮುಂದಿನ ಮೂರು ತಿಂಗಳಿಗೆ ಅಳೆಯಬಹುದಾದ ಗುರಿಗಳನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಇದಕ್ಕೆ ಯಾವ ಮ್ಯಾನೇಜರೂ ಇಲ್ಲ ಅನ್ನಲಾರರು, ಮತ್ತು ಮೂರು ತಿಂಗಳು ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿದಂತಾಯಿತು. ನಡೆದದ್ದನ್ನು ನಿಮ್ಮ ಸ್ವಂತ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆದಿಡಿ. ಆಫೀಸಿನ ಇಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಬೇಡಿ, ಅದೇ ನಿಮ್ಮನ್ನು ತೆಗೆಯಲು ಅವರಿಗೆ ಸಿಗುವ ನೆಪವಾಗಬಹುದು.

ಕೊನೆಗೆ ಸೆವೆರೆನ್ಸ್ ಕಾಗದ ಮುಂದಿಟ್ಟು "ಶುಕ್ರವಾರದೊಳಗೆ ಸಹಿ ಮಾಡಿ" ಅಂದರೆ ಗಾಬರಿ ಬೇಡ. ನಿಮಗೆ 40 ದಾಟಿದ್ದರೆ, ವಯಸ್ಸಿನ ತಾರತಮ್ಯದ ಹಕ್ಕನ್ನು ಬಿಡಿಸಿಕೊಳ್ಳುವ ಕಾಗದಕ್ಕೆ ಯೋಚಿಸಲು 21 ದಿನ ಕೊಡಲೇಬೇಕು, ಅನೇಕರನ್ನು ಒಟ್ಟಿಗೆ ತೆಗೆಯುವುದಾದರೆ 45 ದಿನ. ಸಹಿ ಮಾಡಿದ ಮೇಲೂ 7 ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಹಣ ಹೆಚ್ಚು ಕೇಳುವುದಕ್ಕಿಂತ, ಸಂಬಳದ ಪಟ್ಟಿಯಲ್ಲಿ ಕೊನೆಯ ದಿನವನ್ನು ಮುಂದಕ್ಕೆ ಹಾಕಿ ಅಂತ ಕೇಳುವುದು ಎಚ್-1ಬಿಯವರಿಗೆ ಲಾಭ. 60 ದಿನ ಸಾಮಾನ್ಯವಾಗಿ ಸಂಬಳದ ಕೊನೆಯ ದಿನದಿಂದ ಎಣಿಕೆಯಾಗುತ್ತದೆ. ಕೆಲಸವಿಲ್ಲದೆ ಪಟ್ಟಿಯಲ್ಲಿ ಉಳಿಯುವ ಆ ದಿನಗಳು ನಿಮ್ಮ ಪ್ರಕರಣದಲ್ಲಿ ಲೆಕ್ಕಕ್ಕೆ ಬರುತ್ತವೆಯೇ ಅನ್ನುವುದನ್ನು ಸಹಿಗೆ ಮೊದಲು ವಲಸೆ ವಕೀಲರನ್ನು ಕೇಳಿ. ಹೆಸರು ಆಗಲೇ ಪಟ್ಟಿಯಿಂದ ತೆಗೆದಿದ್ದರೆ, ನೀವು ಯೋಚಿಸುವ ಆ 21 ದಿನವೂ 60ರೊಳಗೇ ಓಡುತ್ತಿರುತ್ತದೆ.