ಗಣಿ ಮುಚ್ಚಿದ ದಿನವೇ ಹುಟ್ಟಿದ ಸಾಲ

2001ನೆಯ ಇಸವಿಯ ಫೆಬ್ರುವರಿ 28ರಂದು ನಮ್ಮ ಜಿಲ್ಲೆಯ ಚಿನ್ನದ ಗಣಿಗಳ ಬಾಗಿಲು ಬಿತ್ತು. ನೂರಿಪ್ಪತ್ತು ವರ್ಷ ಮೂರು ಪಾಳಿಯಲ್ಲಿ ದುಡಿದ ಊರು ಒಂದೇ ದಿನದಲ್ಲಿ ಕೆಲಸವಿಲ್ಲದ ಊರಾಯಿತು. ಅದೇ ದಿನ ದೆಹಲಿಯಲ್ಲಿ ಆಗಿನ ಅರ್ಥಮಂತ್ರಿ ಯಶವಂತ ಸಿನ್ಹಾ ಅವರು ಲೋಕಸಭೆಯ ಮುಂದೆ ಆಯವ್ಯಯ ಪತ್ರವಿಟ್ಟು, ದುಡ್ಡಿಲ್ಲವೆಂಬ ಕಾರಣಕ್ಕೆ ಬುದ್ಧಿವಂತ ಹುಡುಗನಾರೂ ಮೇಲಿನ ಓದು ತಪ್ಪಿಸಿಕೊಳ್ಳಬಾರದು, ಅದಕ್ಕಾಗಿ ಬ್ಯಾಂಕುಗಳಿಂದ ಶಿಕ್ಷಣ ಸಾಲ ಕೊಡಿಸುತ್ತೇವೆ ಎಂದು ಸಾರಿದರು. ದೇಶದೊಳಗಿನ ಓದಿಗೆ ಏಳೂವರೆ ಲಕ್ಷದವರೆಗೆ ಸಾಲ. ನಾಲ್ಕು ಲಕ್ಷದವರೆಗೆ ಆಸ್ತಿಯ ಅಡಮಾನ ಬೇಡ.

ಒಂದು ಕೈಯಿಂದ ಅಪ್ಪನ ಕೆಲಸ ಕಿತ್ತುಕೊಂಡ ಸರಕಾರ ಇನ್ನೊಂದು ಕೈಯಿಂದ ಮಗನಿಗೆ ಸಾಲದ ಪತ್ರ ಕೊಟ್ಟಿತು. ಎರಡೂ ಒಂದೇ ದಿನ ನಡೆದದ್ದು ಆಕಸ್ಮಿಕವೇ ಇರಬಹುದು. ಅನಂತರ ನಡೆದುದು ಆಕಸ್ಮಿಕವಲ್ಲ. ಉರಿಗಾಂ, ಚಾಂಪಿಯನ್, ಮಾರಿಕುಪ್ಪಂಗಳ ಲೈನುಮನೆಗಳಲ್ಲಿ ಉಳಿದ ಸಂಸಾರಗಳಿಗೆ ನೆಲವಿರಲಿಲ್ಲ, ಅಂಗಡಿಯಿರಲಿಲ್ಲ, ವಾಸದ ಮನೆಯೂ ಕಂಪೆನಿಯದು. ಮಕ್ಕಳ ಓದೊಂದೇ ದಾರಿ ಎಂದು ಕಂಡದ್ದರಲ್ಲಿ ತಪ್ಪೇನಿದೆ? ಉರಿಗಾಂನಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ಬಂಗಾರಪೇಟೆ ದಾಟಿದರೆ ಬೆಂಗಳೂರಿನವರೆಗೂ ಕಾಲೇಜುಗಳ ಸಾಲೇ ಇದೆ. ಅಪ್ಪ ಸಹಿ ಹಾಕಿದ, ಅಥವಾ ಹೆಬ್ಬೆಟ್ಟೊತ್ತಿದ. ಮಗ ಓದಿದ.

ಈ ಸಾಲವನ್ನು ಸರಕಾರ ಮನ್ನಾ ಮಾಡಬೇಕೇ ಬೇಡವೇ ಎಂಬ ಚರ್ಚೆ ಕೆಲವು ಕಾಲದಿಂದ ನಡೆದಿದೆ. ಅಮೆರಿಕದಂಥ ಸಿರಿವಂತ ದೇಶದಲ್ಲೂ ಅದು ನಡೆದು, ಅಧ್ಯಕ್ಷ ಬೈಡನ್ನರ ಮನ್ನಾ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 2023ರ ಜೂನ್ 30ರಂದು ರದ್ದುಮಾಡಿತು. ನಮ್ಮಲ್ಲಿ 2014ರ ಫೆಬ್ರುವರಿಯಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಚಿದಂಬರಂ ಅವರು 2009ರ ಮಾರ್ಚಿಗೆ ಮೊದಲು ಸಾಲ ತೆಗೆದವರ ಹಳೆಯ ಬಡ್ಡಿಯನ್ನು ಸರಕಾರ ಹೊರುತ್ತದೆ ಎಂದರು. ಒಂಬತ್ತು ಲಕ್ಷ ಮಂದಿಗೆ 2,600 ಕೋಟಿ ರೂಪಾಯಿ ಎಂಬ ಲೆಕ್ಕ. 2024ರಲ್ಲಿ ಮತ್ತೆ ಚುನಾವಣೆ ಬಂದಾಗ, ಆ ವರ್ಷದ ಮಾರ್ಚ್ 15ಕ್ಕೆ ಬಾಕಿಯಿರುವ ಶಿಕ್ಷಣ ಸಾಲವನ್ನೆಲ್ಲ ಅಸಲು ಬಡ್ಡಿ ಸಹಿತ ತೊಡೆದುಹಾಕುತ್ತೇವೆಂದು ಕಾಂಗ್ರೆಸ್ಸಿನ ಪ್ರಣಾಳಿಕೆ ಬರೆಯಿತು. ಗೆಲ್ಲಲಿಲ್ಲ, ಮಾತು ಪರೀಕ್ಷೆಗೆ ಬರಲಿಲ್ಲ.

ಸಾಲದ ಗಣಿತವನ್ನು ವಾಚಕರು ಒಮ್ಮೆ ತಾವೇ ಹಾಕಿ ನೋಡಲಿ. ನಾಲ್ಕು ವರ್ಷದ ಓದಿಗೆ ವರ್ಷಕ್ಕೆ ಒಂದು ಲಕ್ಷದಂತೆ ಸಾಲ, ನೂರಕ್ಕೆ ಹತ್ತರ ಬಡ್ಡಿ ಎಂದಿಟ್ಟುಕೊಳ್ಳೋಣ. ಓದು ಮುಗಿದು ಒಂದು ವರ್ಷದ ಬಿಡುವೂ ಕಳೆಯುವ ಹೊತ್ತಿಗೆ ಬಡ್ಡಿಯೇ ಒಂದು ಲಕ್ಷ ನಲವತ್ತು ಸಾವಿರ. ಐದು ಲಕ್ಷ ನಲವತ್ತು ಸಾವಿರವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಏಳು ಸಾವಿರದ ನೂರು ರೂಪಾಯಿಗೂ ಹೆಚ್ಚು ಕಟ್ಟಬೇಕು. ಮೂರು ವರ್ಷ ಕೆಲಸ ಸಿಗದೆ ಕಟ್ಟಲಾಗಲಿಲ್ಲವೋ, ಸಾಲ ಏಳು ಲಕ್ಷವನ್ನು ದಾಟುತ್ತದೆ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ವರಮಾನದವರಿಗೆ ಓದುವ ಕಾಲದ ಬಡ್ಡಿಯನ್ನು ಸರಕಾರ ಕಟ್ಟುವ ಯೋಜನೆ 2009ರಿಂದ ಬಂತು, ನಿಜ. ಅದಕ್ಕೂ ಮೊದಲು, ಗಣಿ ಮುಚ್ಚಿದ ಹೊಸದರಲ್ಲಿ ಸಾಲ ಮಾಡಿದವರಿಗೆ ಅದು ದಕ್ಕಲಿಲ್ಲ. ಬಿಡುವು ಮುಗಿದ ಮೇಲೆ ಏರುವ ಬಡ್ಡಿಗಂತೂ ಅದು ಯಾರಿಗೂ ಒದಗುವುದಿಲ್ಲ.

ಮಾರಿಕುಪ್ಪದಿಂದ ಹೊರಡುವ ಬೆಳಗಿನ ರೈಲನ್ನು ನೋಡಿದವರಿಗೆ ಉಳಿದುದನ್ನು ಹೇಳಬೇಕಾಗಿಲ್ಲ. ಪದವಿ ಪಡೆದವನೂ ಪಡೆಯದವನೂ ಒಂದೇ ಹಲಗೆಯ ಮೇಲೆ ಕೂತು ತೂಕಡಿಸುತ್ತ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ಅಂಗಡಿ, ಗೋದಾಮು, ಕಾವಲು, ದೂರವಾಣಿಯ ಮುಂದಿನ ಕೆಲಸ. ಇಬ್ಬರಿಗೂ ವ್ಯತ್ಯಾಸವೆಂದರೆ ಒಬ್ಬನಿಗೆ ಬ್ಯಾಂಕಿನ ತಗಾದೆ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಬಾಕಿಯುಳಿದರೆ ಹೆಸರು ಸಾಲಗಾರರ ದಾಖಲೆಯಲ್ಲಿ ಕೆಡುತ್ತದೆ. ಆಮೇಲೆ ಎಲ್ಲೂ ಸಾಲ ಹುಟ್ಟುವುದಿಲ್ಲ. ಕೆಲವು ವರ್ಷಗಳಿಂದೀಚೆಗೆ ಬ್ಯಾಂಕು ನೌಕರಿಯ ಪ್ರಕಟಣೆಗಳೇ ಅಭ್ಯರ್ಥಿಯ ಸಾಲದ ಚರಿತ್ರೆ ಕೇಳತೊಡಗಿವೆ. ಕೆಲಸವಿಲ್ಲದ್ದರಿಂದ ಸಾಲ ತೀರಿಸಲಿಲ್ಲ, ಸಾಲ ತೀರಿಸದ್ದರಿಂದ ಕೆಲಸವಿಲ್ಲ! ಇಂಥ ಉರುಳನ್ನು ಹಳೆಯ ಕಾಲದ ಸಾಹುಕಾರನೂ ಹೆಣೆದಿರಲಾರ.

ಮನ್ನಾ ಬೇಡವೆನ್ನುವವರ ವಾದಗಳಲ್ಲಿ ಎಲ್ಲವೂ ಹಗುರವಲ್ಲ. ಸಾಲ ತೀರಿಸಿದ ಪ್ರಾಮಾಣಿಕನಿಗೆ ಇದು ಅನ್ಯಾಯವೆಂಬುದು ಒಂದು. ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ, ಅವರ ನೋವು ದಿಟವಾದದ್ದು. ಆದರೆ ನನ್ನ ಬೆನ್ನು ಬಾಗಿತು, ಆದುದರಿಂದ ನಿನ್ನದೂ ಬಾಗಲಿ ಎಂಬುದನ್ನು ನ್ಯಾಯವೆಂದು ಒಪ್ಪಿದರೆ ಯಾವ ಸುಧಾರಣೆಯೂ ಸಾಧ್ಯವಿಲ್ಲ.

ಇನ್ನೊಂದು ವಾದ ನಮ್ಮಂಥವರು ಉತ್ತರಿಸಲೇಬೇಕಾದದ್ದು. ಹತ್ತನೆಯ ತರಗತಿಗೇ ಓದು ಬಿಟ್ಟು ಕೂಲಿಗೆ ಹೋದವನ ತೆರಿಗೆಯಿಂದ ಪದವೀಧರನ ಸಾಲ ತೀರಿಸುವುದು ಸಮಾಜವಾದವೇ? ಅಲ್ಲ. ಹೊರದೇಶದ ಓದಿಗೆಂದು ಮನೆ ಅಡವಿಟ್ಟು ದೊಡ್ಡ ಮೊತ್ತ ತೆಗೆದವನಿಗೂ ಉರಿಗಾಂನ ಲೈನುಮನೆಯವನಿಗೂ ಒಂದೇ ಪಂಕ್ತಿಯಲ್ಲಿ ಮಾಫಿ ಬಡಿಸುವುದನ್ನು ನಾವು ಒಪ್ಪುವುದಿಲ್ಲ. ಆ ಕಾರಣಕ್ಕೇ 2024ರ ಪ್ರಣಾಳಿಕೆಯ ಸಾರಾಸಗಟು ವಾಗ್ದಾನ ನಮಗೆ ಹಿಡಿಸಲಿಲ್ಲ. ಅಡಮಾನವಿಲ್ಲದೆ ಕೊಟ್ಟ ನಾಲ್ಕು ಲಕ್ಷದವರೆಗಿನ ಸಾಲ, ಸರಕಾರವೇ ಬಡ್ಡಿ ಸಹಾಯಕ್ಕೆ ಗೊತ್ತುಮಾಡಿದ ವರಮಾನದ ಮಿತಿ, ಓದಿಗೆ ತಕ್ಕ ಕೆಲಸ ಸಿಗದವರು ಎಂಬ ಮೂರು ಗೆರೆ ಎಳೆದರೆ ಸಾಕು, ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲುತ್ತದೆ. ಅವರ ಅಸಲನ್ನೂ ಬಡ್ಡಿಯನ್ನೂ ಪೂರಾ ಬಿಡಬೇಕು. ಬಡ್ಡಿ ಮಾತ್ರ ಬಿಟ್ಟು ಅಸಲು ಉಳಿಸುವುದು ಮುಳ್ಳು ಮುರಿದು ತುದಿ ಕಾಲಿನಲ್ಲೇ ಬಿಟ್ಟ ಹಾಗೆ.

ಬೊಕ್ಕಸದಲ್ಲಿ ದುಡ್ಡೆಲ್ಲಿದೆ ಎಂದು ಕೇಳುವವರಿಗೆ ಸರಕಾರವೇ 2023ರಲ್ಲಿ ಪಾರ್ಲಿಮೆಂಟಿಗೆ ಕೊಟ್ಟ ಉತ್ತರವಿದೆ. 2014-15ರಿಂದ 2022-23ರವರೆಗೆ ಬ್ಯಾಂಕುಗಳು ಲೆಕ್ಕದಿಂದ ತೆಗೆದುಹಾಕಿದ ಸಾಲ 14.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಉದ್ಯಮ ಮತ್ತು ಸೇವೆಗಳದ್ದೇ 7.40 ಲಕ್ಷ ಕೋಟಿ. ಲೆಕ್ಕದಿಂದ ತೆಗೆದರೆ ಮನ್ನಾ ಮಾಡಿದಂತಲ್ಲ, ವಸೂಲಿ ಮುಂದುವರಿಯುತ್ತದೆ ಎಂದು ಅರ್ಥಶಾಸ್ತ್ರ ಬಲ್ಲವರು ತಿದ್ದುತ್ತಾರೆ. ಸಂತೋಷ. ಹಾಗೆ ವಸೂಲಾದದ್ದು ಎಲ್ಲ ಸೇರಿ ಎರಡು ಲಕ್ಷ ಕೋಟಿಯ ಆಸುಪಾಸು. ಉಳಿದುದನ್ನು ಏನೆಂದು ಕರೆಯಬೇಕೋ ಅವರೇ ತಿಳಿಸಲಿ.

ಆದರೆ ಮನ್ನಾ ಒಂದೇ ನಡೆದರೆ ಹಣ ಹೋಗುವುದೆಲ್ಲಿಗೆ? ಸರಕಾರದಿಂದ ಬ್ಯಾಂಕಿಗೆ. ಬ್ಯಾಂಕು ಅದನ್ನು ಮೊದಲೇ ಕೊಟ್ಟಿದ್ದು ಯಾರಿಗೆ? ಹುಡುಗನ ಕೈಗಲ್ಲ, ಶುಲ್ಕದ ರೂಪದಲ್ಲಿ ಕಾಲೇಜಿನ ಒಡೆಯರಿಗೆ. ಈ ವ್ಯಾಪಾರದಲ್ಲಿ ನಮ್ಮ ರಾಜ್ಯ ದೇಶಕ್ಕೇ ಗುರು. ಕ್ಯಾಪಿಟೇಷನ್ ಶುಲ್ಕ ತಡೆಯುವ ಶಾಸನವನ್ನು 1984ರಲ್ಲಿ ಮಾಡಿದ್ದೂ ನಾವೇ. ಆಮೇಲೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ಎರಡು ಸಾವಿರ, ಹೊರರಾಜ್ಯದವರಿಗೆ ಅರವತ್ತು ಸಾವಿರ ಎಂದು ಆಜ್ಞೆ ಹೊರಡಿಸಿ, 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನಿಂದ ಬುದ್ಧಿ ಹೇಳಿಸಿಕೊಂಡದ್ದೂ ನಾವೇ. 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯ ತೀರ್ಪು ಬಂದು, ಸರಕಾರದ ಸಹಾಯ ಪಡೆಯದ ಕಾಲೇಜುಗಳಿಗೆ ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯ ಸಿಕ್ಕಿತು. ಸಾಲವೂ ಸುಲಭ, ಶುಲ್ಕಕ್ಕೂ ಲಗಾಮು ಸಡಿಲ. ನೀರು ಯಾವ ಕಡೆ ಹರಿಯಿತೆಂದು ಹೇಳಬೇಕೇ? ಮನ್ನಾದ ಜೊತೆಗೇ ಶುಲ್ಕಕ್ಕೆ ಕಡಿವಾಣ ಹಾಕಿ ಸರಕಾರಿ ಕಾಲೇಜುಗಳಲ್ಲಿ ಸೀಟು ಹೆಚ್ಚಿಸದಿದ್ದರೆ ಹತ್ತು ವರ್ಷದ ಮೇಲೆ ಇದೇ ಸಂಪಾದಕೀಯವನ್ನು ಮತ್ತೆ ಅಚ್ಚು ಹಾಕಬೇಕಾದೀತು. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಾದರೂ ಮೊದಲಿಗೆ ಆರಿಸಿದ್ದು 860 ಮೇಲ್ದರ್ಜೆಯ ಸಂಸ್ಥೆಗಳನ್ನು ಮಾತ್ರ. ಬಡವರ ಮಕ್ಕಳು ಸೇರುವ ಸಣ್ಣ ಊರಿನ ಕಾಲೇಜುಗಳಲ್ಲಿ ಎಷ್ಟು ಆ ಪಟ್ಟಿಯಲ್ಲಿವೆ?

ಸಾಲ ಬಿಡುವುದು ಹೊಸ ಪಾಪವೇನೂ ಅಲ್ಲ. 1963ರಲ್ಲಿ ಕೇಂದ್ರ ಸರಕಾರ ಬಡ್ಡಿಯಿಲ್ಲದ ಸಾಲ ವಿದ್ಯಾರ್ಥಿವೇತನ ತಂದಾಗ, ಓದಿ ಮೇಷ್ಟರಾದವರಿಗೆ ಸೇವೆಯ ಪ್ರತಿ ವರ್ಷಕ್ಕೂ ಸಾಲದಲ್ಲಿ ಹತ್ತನೆಯ ಒಂದು ಪಾಲನ್ನು ಬಿಡುವ ಏರ್ಪಾಡಿತ್ತು. ಆಗಿನ ಬಡ ಸರಕಾರಕ್ಕೆ ಆ ಬುದ್ಧಿಯಿತ್ತು.

ನಮ್ಮ ಊರಿಗಂತೂ ಸಾಲದ ಮಾತನ್ನೇ ತಿರುಗಿಸಿ ಕೇಳುವ ಹಕ್ಕಿದೆ. ಈ ನೆಲದಿಂದ ಹೋದ ಚಿನ್ನ ಸುಮಾರು 800 ಟನ್. 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ಜಾನ್ ಟೇಲರ್ ಕಂಪೆನಿಯ ಆಡಳಿತದಿಂದ ಬಿಡಿಸಿಕೊಂಡಿತು, 1962ರಲ್ಲಿ ಕೇಂದ್ರ ವಹಿಸಿಕೊಂಡಿತು. ಆಮೇಲೆ ವರ್ಷಗಟ್ಟಲೆ ಇಲ್ಲಿಯ ಚಿನ್ನವನ್ನು ಪೇಟೆ ಧಾರಣೆಗಲ್ಲದೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಧಾರಣೆಗೆ ದೆಹಲಿ ಎಣಿಸಿಕೊಂಡಿತು. ಪೇಟೆ ಧಾರಣೆ ಅದಕ್ಕಿಂತ ಎಷ್ಟೋ ಮೇಲಿತ್ತು. ಹೀಗೆ ಅಗ್ಗಕ್ಕೆ ಕೊಂಡು, ಕೊನೆಗೆ ಗಣಿ ನಷ್ಟದಲ್ಲಿದೆ ಎಂದು ಬೀಗ ಹಾಕಿದರು. ಪುಪ್ಪುಸಕ್ಕೆ ಕಲ್ಲಿನ ಧೂಳು ತುಂಬಿಕೊಂಡು ಕೆಮ್ಮಿ ಸತ್ತವರ ಮೊಮ್ಮಕ್ಕಳಿಗೆ ಈಗ ನಾಲ್ಕು ಲಕ್ಷದ ತಗಾದೆ!

2024ರ ಜೂನಿನಲ್ಲಿ ರಾಜ್ಯ ಮಂತ್ರಿಮಂಡಲ, ಗಣಿಯ ಸುತ್ತಣ 13 ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗಾಳಿ ಎದ್ದಾಗಲೆಲ್ಲ ನಮ್ಮ ಮನೆಗಳ ಅನ್ನದ ತಟ್ಟೆಗೆ ಬಿದ್ದದ್ದು ಆ ದಿಬ್ಬಗಳ ಧೂಳೇ. ಟೆಂಡರಿನ ಷರತ್ತುಗಳನ್ನು ಬರೆಯುವಾಗ, ಮಾಜಿ ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳ ಶಿಕ್ಷಣ ಸಾಲ ತೀರಿಸಲು ಆ ಹುಟ್ಟುವಳಿಯಲ್ಲಿ ಒಂದು ಪಾಲು ಮೀಸಲಿಡತಕ್ಕದ್ದೆಂದು ಒಂದು ಸಾಲು ಸೇರಿಸಲಿ. ನಮ್ಮ ಜಿಲ್ಲೆಯ ಶಾಸಕರೂ ಲೋಕಸಭಾ ಸದಸ್ಯರೂ ಇದನ್ನು ಕೇಳುವರೋ ಇಲ್ಲವೋ ಎಂದು ಮುಂದಿನ ಅಧಿವೇಶನದಲ್ಲಿ ಕಾದು ನೋಡುತ್ತೇವೆ.